ಕೆಳಗಿನಿಂದ ಮೇಲಕ್ಕೆ ಓದುವ ಕಲ್ಲು

ಕಾರವಾರದವರಿಗೆ ಕದಂಬ ಎಂದರೆ ಎರಡು. ಒಂದು, ಗೋವೆಗೆ ಹೋಗುವ ಬಸ್ಸು. ಇನ್ನೊಂದು, ಅರಗಾದ ಹತ್ತಿರ ಬೇಲಿಯೊಳಗಿರುವ ನೌಕಾನೆಲೆ. 2005ರಲ್ಲಿ ಆ ನೆಲೆಗೆ ಐಎನ್‌ಎಸ್ ಕದಂಬ ಎಂದು ಹೆಸರಿಟ್ಟಾಗ, ಅದಕ್ಕಾಗಿ ಮನೆ ತೋಟ ಬಿಟ್ಟು ಬಂದ ಕಾರವಾರ, ಅಂಕೋಲೆಯ ಊರುಗಳವರಿಗೆ ಆ ಹೆಸರಿನ ಹಿಂದಿನ ರಾಜವಂಶದ ಬಗ್ಗೆ ಯೋಚಿಸುವ ವ್ಯವಧಾನ ಇರಲಿಲ್ಲ. ಬನವಾಸಿಯ ಕದಂಬರು ನಮ್ಮ ಜಿಲ್ಲೆಯವರೇ. ಆದರೆ ಹಡಗಿನ ಮೇಲೆ ನಿಂತು ಕಾದಿದ ಗೋವೆಯ ಕದಂಬರನ್ನು ನೋಡಬೇಕಾದರೆ ಅವರ ಹೆಸರು ಹೊತ್ತ ಬಸ್ಸನ್ನೇ ಹತ್ತಬೇಕು. ಕಾಳಿ ಸೇತುವೆ, ಕಾಣಕೋಣ, ಮಡಗಾಂವ ದಾಟಿ ಹಳೇ ಗೋವೆಗೆ ಹೋದರೆ, ಸುಮಾರು ನೂರು ಕಿಲೋಮೀಟರಿನಾಚೆ, ಅವರ ಹಡಗುಗಳು ಕಲ್ಲಿನ ಮೇಲೆ ಈಗಲೂ ನಡೆಯುತ್ತಿವೆ.

ಸಂತ ಫ್ರಾನ್ಸಿಸ್ ಅಸಿಸಿಯ ಇಗರ್ಜಿಗೆ ತಾಗಿಕೊಂಡಿರುವ ಹಳೆಯ ಸನ್ಯಾಸಿ ಮಠದಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯವಿದೆ. 1964ರಲ್ಲಿ ಆರಂಭವಾದದ್ದು. ಶುಕ್ರವಾರ ಬಾಗಿಲು ಮುಚ್ಚಿರುತ್ತದೆ. ನಮ್ಮ ಕಡೆಯಿಂದ ಹೋದವರಲ್ಲಿ ಹೆಚ್ಚಿನವರು ಎದುರಿನ ಬೋಂ ಜೀಸಸ್ ಇಗರ್ಜಿ ನೋಡಿ, ಹೊರಗೆ ಶರಬತ್ತು ಕುಡಿದು ಬಸ್ಸಿಗೆ ಮರಳುತ್ತಾರೆ. ಮಠದೊಳಗೆ ಕಾಲಿಟ್ಟವರಿಗೆ ಬೇರೆ ಬೇರೆ ನಾಡುಗಳ ಯುದ್ಧಕಲೆ ಒಂದೇ ಸೂರಿನಡಿ ಎದುರಾಗುತ್ತದೆ. ಒಂದು ಕಡೆ ಗೋವೆಯನ್ನು ಗೆದ್ದ ಆಫೊನ್ಸೊ ಡಿ ಅಲ್ಬುಕರ್ಕ್‌ನ ಕಂಚಿನ ಪ್ರತಿಮೆ. ಮೇಲಂತಸ್ತಿನಲ್ಲಿ ಪೋರ್ಚುಗೀಸ್ ವೈಸರಾಯ್ ಮತ್ತು ಗವರ್ನರುಗಳ ಆಳೆತ್ತರದ ವರ್ಣಚಿತ್ರಗಳ ಸಾಲು. ಕೆಳಗೆ, ಗೋವೆ ಕೊಂಕಣದ ಹೊಲ ಗದ್ದೆ, ದೇವಸ್ಥಾನದ ಅಂಗಳಗಳಿಂದ ತಂದಿಟ್ಟ ವೀರಗಲ್ಲುಗಳು. ಮೇಲಿನವರ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಇದೆ. ಕೆಳಗಿನವರಿಗೆ ಈ ಕಲ್ಲು ಬಿಟ್ಟರೆ ಬೇರೆ ದಾಖಲೆಯಿಲ್ಲ. ನನ್ನ ಮಟ್ಟಿಗೆ ಅಲ್ಲಿಯ ದೊಡ್ಡ ಕಲೆ ಇರುವುದು ಕೆಳಗೆ.

ಮೊದಲು ವೀರಗಲ್ಲಿನ ಕಟ್ಟಡ ತಿಳಿಯಬೇಕು. ಅದು ಗೊತ್ತಾದರೆ ಬನವಾಸಿಯ ಮಧುಕೇಶ್ವರನ ಪ್ರಾಕಾರದಲ್ಲಿ ನಿಲ್ಲಿಸಿಟ್ಟ ಕಲ್ಲುಗಳನ್ನೂ ಬಳ್ಳಿಗಾವೆಯ ಕಲ್ಲುಗಳನ್ನೂ ನಮ್ಮೂರ ಹಕ್ಕಲಿನಲ್ಲಿ ಜಟಗನೆಂದೋ ಮಾಸ್ತಿಯೆಂದೋ ಎಣ್ಣೆ, ಅರಿಸಿನ ಹಚ್ಚಿಸಿಕೊಂಡು ನಿಂತ ಕಲ್ಲುಗಳನ್ನೂ ಓದಬಹುದು. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗಿನದರಲ್ಲಿ ಕಾಳಗ. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಒಯ್ಯುತ್ತಾರೆ, ಒಮ್ಮೊಮ್ಮೆ ತೋಳು ಹಿಡಿದು, ಒಮ್ಮೊಮ್ಮೆ ವಿಮಾನದಲ್ಲಿ ಕೂರಿಸಿ ಚಾಮರ ಬೀಸುತ್ತ. ಮೇಲಿನದರಲ್ಲಿ ಶಿವಲಿಂಗ, ಪೂಜೆ ಮಾಡುವವನು, ನಂದಿ, ಎದುರಿಗೆ ಕೈಮುಗಿದು ಕುಳಿತ ಅದೇ ವೀರ. ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನ. ನೆತ್ತಿಯ ಮೇಲೆ ಸೂರ್ಯ, ಚಂದ್ರ. ಅವೆರಡು ಇರುವ ತನಕ ಇವನ ಹೆಸರೂ ಇರಲಿ ಎಂಬ ಕೋರಿಕೆ.

ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಶಾಸನ. ಕೆತ್ತಿದವನ ಜಾಣ್ಮೆ ನನಗೆ ಮೊದಲು ಕಾಣಿಸುವುದು ಇಲ್ಲಿ. ಬರಹ ಮೇಲಿನಿಂದ ಕೆಳಗೆ ಇಳಿಯುತ್ತದೆ: ಯಾವ ರಾಜನ ಆಳ್ವಿಕೆ, ಯಾವ ಸಂವತ್ಸರ, ಯಾರ ಮಗ, ಯಾವ ಊರು, ಕೊನೆಗೆ ಹೇಗೆ ಸತ್ತ. ಚಿತ್ರ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಅಕ್ಷರ ಬಲ್ಲವನ ಕಣ್ಣು ರಾಜನಿಂದ ಹೊರಟು ಸಾವಿಗೆ ಬಂದು ನಿಲ್ಲುತ್ತದೆ. ಅಕ್ಷರ ಬಾರದವನ ಕಣ್ಣು ಕಾಳಗದಿಂದ ಹೊರಟು ದೇವರ ಮುಂದೆ ನಿಲ್ಲುತ್ತದೆ. ಎರಡು ಬಗೆಯ ಓದುಗರು ಒಂದೇ ಕಲ್ಲಿನ ಮುಂದೆ ನಿಂತು ಎದುರುಬದುರು ದಾರಿ ಹಿಡಿಯುತ್ತಾರೆ.

ಇನ್ನೂ ಒಂದು ಸೂಕ್ಷ್ಮವಿದೆ. ಬಹುಪಾಲು ಕಲ್ಲುಗಳ ಕಾಳಗದ ಪಟ್ಟಿಕೆಯಲ್ಲಿ ವೀರ ಸಾಯುತ್ತಿಲ್ಲ. ಕತ್ತಿ ಎತ್ತಿದ್ದಾನೆ, ಬಿಲ್ಲು ಎಳೆದಿದ್ದಾನೆ, ಕಾಲ ಬಳಿ ಶತ್ರು ಬಿದ್ದಿದ್ದಾನೆ. ಮೇಲಿನ ಪಟ್ಟಿಕೆಗೆ ಹೋಗುವಷ್ಟರಲ್ಲಿ ಅಪ್ಸರೆಯರ ನಡುವೆ ಇದ್ದಾನೆ. ಸಾವು ಎರಡರ ನಡುವಿನ ಆ ಅಂಗುಲದಷ್ಟು ಅಗಲದ ಅಂಚಿನಲ್ಲಿ, ಅಕ್ಷರದಲ್ಲಿ ಅಡಗಿದೆ. ಕಲ್ಲು ನಿಲ್ಲಿಸಿದ್ದು ಸಾವಿಗಾಗಿ. ಸಾವನ್ನು ಮಾತ್ರ ಕೆತ್ತಿಲ್ಲ.

ಕಲ್ಲಿನ ಆಯ್ಕೆಯೇ ಕಸುಬಿನ ಅರ್ಧ. ಕರಾವಳಿಯಲ್ಲಿ ನಾವು ಮನೆ, ಬಾವಿ, ಆವರಣದ ಗೋಡೆ ಕಟ್ಟುವುದು ಚಿರೆಕಲ್ಲಿನಲ್ಲಿ. ನೆಲದಿಂದ ತೆಗೆದಾಗ ಮೆತ್ತಗೆ, ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು. ಗೋಡೆಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಮೈತುಂಬ ತೂತು. ಕಣ್ಣು, ಬೆರಳು, ಬಿಲ್ಲಿನ ಹೆದೆ ಅದರಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಒಳ್ಳೆಯ ಕೆತ್ತನೆಗೆ ಬೇರೆ ಕಲ್ಲು ಬೇಕು. ಕೊಂಕಣದ ಉತ್ತರಕ್ಕೆ ಕಪ್ಪು ಬಸಾಲ್ಟ್, ಘಟ್ಟದ ಮೇಲೆ ಬಳಪದ ಕಲ್ಲು, ಬಯಲುಸೀಮೆಯಲ್ಲಿ ಕಣಶಿಲೆ. ಬಳಪದ ಕಲ್ಲಿನಲ್ಲಿ ಕೂದಲೆಳೆಯಂಥ ಒಡವೆಯನ್ನೂ ಬಿಡಿಸಬಹುದು. ಹೊಯ್ಸಳ ಕಾಲದ ವೀರಗಲ್ಲುಗಳ ಬೆಡಗು ಅಲ್ಲಿಂದ ಬಂದದ್ದು. ಬಸಾಲ್ಟ್ ಹಟಮಾರಿ. ಅದರಲ್ಲಿ ಆಕೃತಿಗಳು ದಪ್ಪವಾಗಿ, ಅಂಚು ದುಂಡಗಾಗಿ ಬರುತ್ತವೆ. ಹಳೇ ಗೋವೆಯ ಹಡಗಿನ ಕಲ್ಲನ್ನು ಹಳೇಬೀಡಿನ ಕೆತ್ತನೆಯ ಪಕ್ಕ ಇಟ್ಟು ಒರಟು ಎನ್ನುವವರು ಕಲ್ಲಿನ ತಪ್ಪನ್ನು ಉಳಿಯ ಮೇಲೆ ಹೊರಿಸುತ್ತಾರೆ.

ಚಪ್ಪಡಿಯ ಬುಡವನ್ನು ಕೆತ್ತದೆ ಒರಟಾಗಿ ಬಿಡುತ್ತಿದ್ದರು. ಅಷ್ಟು ಭಾಗ ನೆಲದಲ್ಲಿ ಹೂಳಲು. ಉಳಿದ ಮುಖವನ್ನು ಸಮ ಮಾಡಿ, ಪಟ್ಟಿಕೆಗಳ ಗೆರೆ ಎಳೆದು, ಆಕೃತಿಗಳ ಸುತ್ತಲಿನ ಕಲ್ಲನ್ನು ಉಳಿಯಿಂದ ಒಳಕ್ಕೆ ತೆಗೆಯುತ್ತ ಹೋಗಬೇಕು. ಗಮನಿಸಿ: ಆಕೃತಿ ಹೊರಗೆ ಚಾಚಿರುವುದಿಲ್ಲ. ಸುತ್ತಲಿನ ಚೌಕಟ್ಟು ಚಪ್ಪಡಿಯ ಮೂಲ ಮಟ್ಟದಲ್ಲೇ ಇದೆ. ವೀರ, ಕುದುರೆ, ಅಪ್ಸರೆ ಎಲ್ಲರೂ ಆ ಚೌಕಟ್ಟಿನ ಆಳದೊಳಗೇ ಇದ್ದಾರೆ. ಊರ ಬಯಲಿನಲ್ಲಿ ನಿಲ್ಲುವ ಕಲ್ಲು ಇದು. ದನ ಮೈ ಉಜ್ಜುತ್ತದೆ, ಹುಡುಗರು ಹತ್ತುತ್ತಾರೆ, ಎಂದೋ ಒಂದು ದಿನ ಬೀಳುತ್ತದೆ. ಮಕಾಡೆ ಬಿದ್ದರೂ ಪೆಟ್ಟು ತಾಗುವುದು ಮೊದಲು ಚೌಕಟ್ಟಿಗೆ. ಎಂಟುನೂರು, ಸಾವಿರ ವರ್ಷ ಬಿಸಿಲು ಮಳೆ ಉಂಡ ಕಲ್ಲಿನಲ್ಲಿ ಇವತ್ತಿಗೂ ಬೆರಳು ಎಣಿಸಲು ಸಾಧ್ಯವಾಗುವುದು ಈ ಲೆಕ್ಕಾಚಾರದಿಂದ.

ಮುಖದ ವಿಷಯದಲ್ಲಿ ರೂವಾರಿ ಜಿಪುಣ. ಇಂಥವನೇ ಎಂದು ಗುರುತಿಸುವ ಮುಖ ವೀರಗಲ್ಲಿನಲ್ಲಿ ಸಿಗುವುದಿಲ್ಲ. ಗುರುತು ಇರುವುದು ಆಯುಧದಲ್ಲಿ, ತಲೆಗಂಟಿನಲ್ಲಿ, ನಿಂತ ಭಂಗಿಯಲ್ಲಿ. ಕಲ್ಲು ಮಾಡಿಸಿದ ಅಪ್ಪನಿಗೆ, ಮಗನಿಗೆ, ಹೆಂಡತಿಗೆ ಮುಖ ನೆನಪಿತ್ತು. ಉಳಿದವರಿಗೆ ಹೆಸರು ಸಾಕಿತ್ತು.

ಹಳೇ ಗೋವೆಯಲ್ಲಿರುವ ಒಂದು ಹಳಗನ್ನಡ ವೀರಗಲ್ಲಿನ ಶಾಸನ ಇದಕ್ಕೆ ಸಾಕ್ಷಿ. ತಳಾರ ನೇವಯ್ಯನ ಮಗ ಗುಂಡಯ್ಯ ಗೋವೆಯ ರೇವನ್ನು ಹಿಡಿಯುತ್ತೇನೆಂದು ಶಪಥ ಮಾಡಿದ, ಹಿಡಿದ, ಹಗೆಗಳೊಡನೆ ಕಾದಿ ಸತ್ತ. ಅಪ್ಪ ನೇವಯ್ಯ ಕಲ್ಲು ನಿಲ್ಲಿಸಿದ. ಅಷ್ಟೇ ಕಥೆ. ತಳಾರ ಎಂದರೆ ಊರ ಕಾವಲಿನವನು. ಸೇನಾಪತಿಯಲ್ಲ, ಮಾಂಡಲಿಕನಲ್ಲ. ಒಂದು ಬಂದರು ಯಾರ ಕೈ ಸೇರಬೇಕೆಂಬ ಕದನದಲ್ಲಿ ಮಗನನ್ನು ಕಳೆದುಕೊಂಡ ಕಾವಲುಗಾರ ಕಲ್ಲುಕುಟಿಗನಿಗೆ ದುಡ್ಡು ಕೊಟ್ಟು ಬರೆಸಿದ ಕನ್ನಡ ಅದು.

ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟಿಸಿದ ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲೂ ಆರ್. ಶೇಷಶಾಸ್ತ್ರಿಯವರು 1982ರಲ್ಲಿ ವೀರಗಲ್ಲುಗಳ ಬಗ್ಗೆಯೇ ಬರೆದ ಪುಸ್ತಕದಲ್ಲೂ ಇಂಥ ಸಣ್ಣ ಮನುಷ್ಯರೇ ತುಂಬಿದ್ದಾರೆ. ತುರು ಹಿಡಿದೊಯ್ಯುವವರನ್ನು ತಡೆಯಲು ಹೋಗಿ ಸತ್ತವರು, ಊರು ಸುಡಲು ಬಂದವರಿಗೆ ಎದುರು ನಿಂತವರು, ಹೆಣ್ಣುಮಕ್ಕಳ ಮಾನ ಕಾಯಲು ಹೋದವರು, ಹುಲಿಯೊಡನೆ, ಹಂದಿಯೊಡನೆ ಹೋರಿದವರು. ನಾಯಿಗೂ ಕಲ್ಲು ಸಿಕ್ಕಿದ್ದಿದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲು ಕ್ರಿ.ಶ. 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಬೂತುಗ ಸೇರಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಮಹಾಯುದ್ಧದ ಸುದ್ದಿ ಅದರಲ್ಲಿ ಇದೆ. ಆದರೆ ಚಿತ್ರದಲ್ಲಿರುವುದು ಹಂದಿಯ ಮೇಲೆ ಎರಗಿದ ಕಾಳಿ ಎಂಬ ನಾಯಿ. ಯುದ್ಧದಲ್ಲಿ ಮೆರೆದ ಮಣಲೇರನಿಗೆ ಬೇಕಾದ ಬಹುಮಾನ ಕೇಳು ಎಂದಾಗ ಅವನು ಬೇಡಿದ್ದು ಆ ನಾಯಿಯನ್ನು. ಮೂರು ರಾಜ್ಯಗಳ ಹಣೆಬರಹ ಅಕ್ಷರದ ಪಾಲಿಗೆ, ಶಿಲ್ಪವೆಲ್ಲ ನಾಯಿಯ ಪಾಲಿಗೆ! ಅದೇ ಸಂಗ್ರಹಾಲಯದ ಬೇಗೂರಿನ ಕಲ್ಲು ಮೂರು ಪಟ್ಟಿಕೆಯ ಶಿಸ್ತನ್ನು ಬಿಟ್ಟು ಇಡೀ ಹಲಗೆಯನ್ನು ಕದನಕ್ಕೆ ಒಪ್ಪಿಸಿದ ಅಪರೂಪದ್ದು. ಆನೆ, ಕುದುರೆ, ಬಿಲ್ಲಾಳುಗಳು ಒಬ್ಬರ ಮೇಲೊಬ್ಬರು ಬಿದ್ದ ಆ ಗದ್ದಲದಲ್ಲಿ ನಾಗತ್ತರನೆಂಬ ವೀರನನ್ನು ಹುಡುಕಿಕೊಳ್ಳುವುದು ನೋಡುವವನ ಕೆಲಸ.

ಈಗ ಸಮುದ್ರಕ್ಕೆ ಬರೋಣ. ನೆಲದ ಕಾಳಗ ಕೆತ್ತುವವನಿಗೆ ಒಂದು ಅನುಕೂಲವಿದೆ. ವೀರನನ್ನು ನಡುವೆ ದೊಡ್ಡದಾಗಿ ನಿಲ್ಲಿಸಿ, ವೈರಿಗಳನ್ನು ಸಣ್ಣದು ಮಾಡಿ ಸುತ್ತ ಚೆಲ್ಲಬಹುದು. ನೆಲ ಎಂದರೆ ಪಟ್ಟಿಕೆಯ ಕೆಳ ಅಂಚು, ಮುಗಿಯಿತು. ಹಡಗು ಬಂದ ಕೂಡಲೇ ಎಲ್ಲ ಲೆಕ್ಕ ತಪ್ಪುತ್ತದೆ. ವೀರಗಲ್ಲು ಉದ್ದಕ್ಕೆ ನಿಂತ ಚಪ್ಪಡಿ, ಹಡಗು ಅಡ್ಡಕ್ಕೆ ಮಲಗುವ ವಸ್ತು. ಎರಡು ಮೂರು ಅಡಿ ಅಗಲದೊಳಗೆ ಇಡೀ ಹಡಗು, ಅದರ ಹುಟ್ಟುಗಳು, ಹಾಯಿಕಂಬ, ಬಿಲ್ಲಾಳುಗಳು, ಎದುರು ಪಕ್ಷ ಎಲ್ಲ ಹಿಡಿಯಬೇಕು. ವೀರನನ್ನು ಮಾಮೂಲಿನಂತೆ ದೈತ್ಯನನ್ನಾಗಿ ಮಾಡಿದರೆ ಹಡಗು ಆಟಿಕೆಯಾಗುತ್ತದೆ. ಹಡಗನ್ನು ಅದರ ಅಳತೆಗೆ ಬಿಟ್ಟರೆ ಮನುಷ್ಯ ಕಾಣುವುದಿಲ್ಲ. ನೀರನ್ನು ಏನು ಮಾಡುವುದೆಂಬುದು ಬೇರೆ.

ಗೋವೆಯ ಕಲ್ಲಿನಲ್ಲಿ ಇದಕ್ಕೆ ಸಿಕ್ಕ ಪರಿಹಾರ ನನಗೆ ಬಹಳ ಇಷ್ಟ. ಹಡಗಿನ ಹೊಟ್ಟೆಯನ್ನು ಒಂದೇ ಬಾಗಿದ ಗೆರೆಯಾಗಿ, ಎರಡೂ ತುದಿ ಮೇಲೆದ್ದಂತೆ, ಪಟ್ಟಿಕೆಯ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಎಳೆದಿದ್ದಾರೆ. ಹಡಗೇ ನೆಲವಾಯಿತು. ಅದರ ಮೇಲೆ ಯೋಧರು ಸಾಲಾಗಿ, ಹಡಗಿನ ಅಳತೆಗೆ ಹೆಚ್ಚೇ ಎನ್ನುವಷ್ಟು ದೊಡ್ಡವರಾಗಿ ನಿಲ್ಲುತ್ತಾರೆ. ಕೆಳಗೆ ಹುಟ್ಟುಗಳು ಓರೆಯಾಗಿ, ಒಂದಕ್ಕೊಂದು ಸಮನಾಗಿ. ಈ ಓರೆಗೆರೆಗಳೇ ಗುಟ್ಟು. ಹುಟ್ಟು ನೆಟ್ಟಗೆ ಇಳಿದಿದ್ದರೆ ಹಡಗು ನಿಂತಿದೆ ಎಂದರ್ಥ. ಎಲ್ಲವೂ ಒಂದೇ ಕೋನದಲ್ಲಿ ಹಿಂದಕ್ಕೆ ಬಾಗಿದರೆ ಆಳುಗಳು ಒಟ್ಟಿಗೆ ಎಳೆಯುತ್ತಿದ್ದಾರೆ, ಹಡಗು ನುಗ್ಗುತ್ತಿದೆ. ಅಲೆ ಕೆತ್ತುವ ಗೋಜಿಗೆ ಹೋಗದೆ, ಹುಟ್ಟಿನ ಓರೆಯಿಂದಲೇ ನೀರನ್ನು ಕಾಣಿಸುವ ಉಪಾಯ ಇದು.

ದೋಣಿ ಬಲ್ಲವರು ಇನ್ನೊಂದನ್ನು ನೋಡುತ್ತಾರೆ: ಹುಟ್ಟು ಹಾಕುವವನ ಮುಖ ಯಾವ ಕಡೆಗಿದೆ? ಕೈಯಲ್ಲೇ ಹಿಡಿದು ನೀರು ತಳ್ಳುವ ಗಿಡ್ಡ ಹುಟ್ಟಾದರೆ ಅವನು ಹೋಗುವ ದಿಕ್ಕಿಗೇ ಮುಖ ಮಾಡಿ ಕೂರುತ್ತಾನೆ. ದೋಣಿಯ ಅಂಚಿಗೆ ಕಟ್ಟಿದ ಉದ್ದ ಹುಟ್ಟನ್ನು ಕೂತು ಎಳೆಯುವವನು ಹೋಗುವ ದಿಕ್ಕಿಗೆ ಬೆನ್ನು ಕೊಡುತ್ತಾನೆ. ಬೈತಖೋಲದಲ್ಲೋ ಬೇಲೇಕೇರಿಯಲ್ಲೋ ಮೀನಿಗೆ ಹೋಗುವ ಯಾರನ್ನಾದರೂ ಆ ಕಲ್ಲಿನ ಮುಂದೆ ನಿಲ್ಲಿಸಿದರೆ, ಇತಿಹಾಸದ ಮೇಷ್ಟರಿಗಿಂತ ಮೊದಲು ಅವರ ಕಣ್ಣು ಅಲ್ಲಿಗೆ ಹೋಗುತ್ತದೆ. ಕಡಲು ಕಾಣದ ಶಿಲ್ಪಿ ಹಡಗು ಕೆತ್ತಿದರೆ ಇಂಥ ಕಡೆಯೇ ಸಿಕ್ಕಿಬೀಳುವುದು.

ಹಡಗಿನ ವೀರಗಲ್ಲುಗಳ ದೊಡ್ಡ ಪಾಠಶಾಲೆ ಇನ್ನೂ ಉತ್ತರಕ್ಕಿದೆ, ಮುಂಬಯಿಯ ಬೋರಿವಿಲಿಯ ಎಕ್ಸರ್‌ನಲ್ಲಿ. ಅಲ್ಲಿಯ ಒಂದು ಕಲ್ಲಿನಲ್ಲಿ ಐದು ಹಡಗುಗಳು, ಪ್ರತಿಯೊಂದಕ್ಕೂ ಒಂದೇ ಹಾಯಿಕಂಬ, ಪಕ್ಕಕ್ಕೆ ಒಂಬತ್ತು ಹುಟ್ಟು, ಎತ್ತರದ ಹಿಂತುದಿ, ಮೇಲೆ ಬಿಲ್ಲಾಳುಗಳು ಕದನಕ್ಕೆ ಹೊರಟಿದ್ದಾರೆ. ಮೇಲಿನ ಪಟ್ಟಿಕೆಗಳಲ್ಲಿ ಹಡಗು ಹಡಗಿಗೆ ಮುತ್ತಿಗೆ ಹಾಕಿ ಆಳುಗಳು ನೀರಿಗೆ ಬೀಳುತ್ತಾರೆ. ಶಿಲಾಹಾರ ಸೋಮೇಶ್ವರ ಮತ್ತು ದೇವಗಿರಿಯ ಯಾದವ ಮಹಾದೇವ 1265ರ ಸುಮಾರಿಗೆ ಸಮುದ್ರದಲ್ಲಿ ಕಾದಿದ ಯುದ್ಧ ಇದೆಂದು ಬಹಳ ವಿದ್ವಾಂಸರು ಹೇಳುತ್ತಾರೆ. ಅಲ್ಲಿಯ ರೂವಾರಿ ಗೋವೆಯವನಂತೆ ಒಂದೇ ಹಡಗಿನಿಂದ ಕಥೆ ಮುಗಿಸಲಿಲ್ಲ. ಪಟ್ಟಿಕೆಗಳನ್ನೇ ಹೆಚ್ಚಿಸಿ, ಯುದ್ಧವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದ. ಕಲ್ಲು ಆಳಿಗಿಂತ ಎತ್ತರವಾಯಿತು. ಹೇಳುವುದು ಹೆಚ್ಚು ಇದ್ದಾಗ ಇದೂ ಒಂದು ದಾರಿ. ಗೋವೆಯ ಬಿಗಿ ಮಾತ್ರ ಅದಕ್ಕಿಲ್ಲ.

ಕಾರವಾರದ ಟಾಗೋರ್ ಕಡಲತೀರದಲ್ಲಿ ಒಂದು ಪ್ರದರ್ಶನ ಏರ್ಪಡಿಸುವ ಅಧಿಕಾರ ನನಗೆ ಕೊಟ್ಟರೆ, ಮರಳಿನ ಮೇಲೆ ನಿಂತ ಚಪಲ ಎಂಬ ಕ್ಷಿಪಣಿ ದೋಣಿಯ ಪಕ್ಕದಲ್ಲಿ (1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತವಾದದ್ದು) ಬೇರೆ ನಾಡುಗಳ ಮೂರು ವಸ್ತುಗಳನ್ನು ತಂದಿಡುತ್ತಿದ್ದೆ.

ಮೊದಲನೆಯದು ಸ್ವೀಡನ್ನಿನ ಗೊಟ್‌ಲ್ಯಾಂಡ್ ದ್ವೀಪದ ಚಿತ್ರಕಲ್ಲು. ಎಂಟು, ಒಂಬತ್ತನೆಯ ಶತಮಾನದ್ದು. ಸುಣ್ಣಕಲ್ಲಿನ ಚಪ್ಪಡಿ, ಮೇಲ್ತುದಿ ಅಣಬೆಯಂತೆ ಅಗಲ. ಕೆಳಗೆ ಹಡಗು, ಚೌಕುಳಿ ಹೆಣಿಗೆಯ ದೊಡ್ಡ ಹಾಯಿ, ಸಾಲಾಗಿ ಕೂತ ಯೋಧರು. ಮೇಲೆ ಕುದುರೆ ಏರಿ ಬಂದ ಸತ್ತ ವೀರ. ಅವನನ್ನು ಎದುರುಗೊಳ್ಳಲು ಪಾನದ ಕೊಂಬು ಹಿಡಿದು ನಿಂತ ಹೆಣ್ಣು. ತ್ಶೆಂಗ್‌ವೀಡೆಯ ಕಲ್ಲಿನಲ್ಲಿ ಆ ಕುದುರೆಗೆ ಎಂಟು ಕಾಲು. ಅದು ಓಡಿನ್ ದೇವರ ಕುದುರೆ ಎನ್ನುತ್ತಾರೆ. ಕೆಳಗೆ ಹಡಗು, ಮೇಲೆ ಸ್ವರ್ಗದಲ್ಲಿ ಸ್ವಾಗತಿಸುವ ಹೆಣ್ಣು! ಗೊಟ್‌ಲ್ಯಾಂಡಿನ ಕಲ್ಲುಕುಟಿಗನಿಗೆ ಗೋವೆಯ ಗಂಧಗಾಳಿಯಿಲ್ಲ, ಇವನಿಗೆ ಅವನದಿಲ್ಲ. ಕಡಲಿನ ದಂಡೆಯಲ್ಲಿ ಬದುಕಿ, ಮಕ್ಕಳನ್ನು ಹಡಗಿಗೆ ಕಳಿಸಿ, ಹಿಂದಿರುಗದವರಿಗೆ ಕಲ್ಲು ನಿಲ್ಲಿಸಿದ ಎರಡು ಜನಾಂಗಗಳು ಬೇರೆ ಬೇರೆಯಾಗಿಯೇ ಒಂದೇ ವಿನ್ಯಾಸಕ್ಕೆ ಬಂದವು. ವ್ಯತ್ಯಾಸ ಹಾಯಿಯದು. ಅಲ್ಲಿಯವನಿಗೆ ಹಾಯಿಯೇ ಪ್ರಾಣ, ಅರ್ಧ ಕಲ್ಲು ಅದಕ್ಕೆ. ನಮ್ಮವನ ಒಲವು ಹುಟ್ಟು ಎಳೆಯುವ ತೋಳುಗಳ ಮೇಲೆ.

ಎರಡನೆಯದು ಕಾಂಬೋಡಿಯದ ಬಾಯೋನ್ ಗುಡಿಯ ಗೋಡೆ. ಗೋಡೆ ತರಲಾಗದು, ಅಚ್ಚು ತೆಗೆದು ತರಬೇಕು. ಏಳನೆಯ ಜಯವರ್ಮನ ಕಾಲ, ಹನ್ನೆರಡನೆಯ ಶತಮಾನದ ಕೊನೆ. ಖ್ಮೇರರಿಗೂ ಚಾಮರಿಗೂ ನಡೆದ ನೌಕಾಯುದ್ಧ ಮೀಟರುಗಟ್ಟಲೆ ಹರಡಿದೆ. ಅಲ್ಲಿ ಶಿಲ್ಪಿಗೆ ಜಾಗದ ಬರವಿಲ್ಲ. ಹಾಗಾಗಿ ನೀರಿಗೆ ಬಿದ್ದವರನ್ನು ಮೊಸಳೆ ಹಿಡಿಯುವುದನ್ನೂ ಕೆತ್ತಿದ, ಕೆಳಗಿನ ಸಾಲಿನಲ್ಲಿ ಯುದ್ಧದ ಗೊಡವೆಯಿಲ್ಲದೆ ಅಡುಗೆ ಮಾಡುವವರನ್ನೂ ಸಂತೆ ಮಾಡುವವರನ್ನೂ ಕೆತ್ತಿದ. ನೋಡಲು ಇದರಷ್ಟು ಸೊಗಸು ಬೇರೊಂದಿಲ್ಲ. ಆದರೆ ಹಣ ರಾಜನದು, ಗೆಲುವೂ ರಾಜನದೇ. ಮೊಸಳೆಯ ಬಾಯಿಗೆ ಬಿದ್ದವನ ಹೆಸರು ಅಲ್ಲಿಲ್ಲ.

ಮೂರನೆಯದು ಜಪಾನಿನ ಉದ್ದದ ಚಿತ್ರಸುರುಳಿ. 1274 ಮತ್ತು 1281ರಲ್ಲಿ ಮಂಗೋಲರು ಹಡಗುಗಳಲ್ಲಿ ಬಂದು ಜಪಾನನ್ನು ಮುತ್ತಿದಾಗ ಕಾದಿದ ತಾಕೆಜಾಕಿ ಸುಯೆನಾಗ ಎಂಬ ಸಾಮುರಾಯಿ ಇದನ್ನು ಬರೆಸಿದ. ಶತ್ರುವಿನ ಹಡಗಿಗೆ ಹತ್ತಿ ತಾನು ಮಾಡಿದ್ದೇನು, ತನ್ನ ಕುದುರೆಗೆ ಬಾಣ ತಾಗಿ ರಕ್ತ ಸುರಿದದ್ದು ಹೇಗೆ, ಮದ್ದಿನ ಗುಂಡು ಸಿಡಿದದ್ದೆಲ್ಲಿ ಎಲ್ಲವೂ ವಿವರವಾಗಿದೆ. ತನ್ನ ಶೌರ್ಯಕ್ಕೆ ಸಿಗಬೇಕಾದ ಬಹುಮಾನಕ್ಕಾಗಿ ಸರ್ಕಾರದ ಬಾಗಿಲಿಗೆ ಅಲೆದ ಮನುಷ್ಯ ಇವನು. ಬದುಕಿ ಉಳಿದವನು ತಾನೇ ಹಣ ಕೊಟ್ಟು ಬರೆಸಿಕೊಂಡ ವೀರಗಾಥೆ. ನೇವಯ್ಯನ ಕಲ್ಲಿನ ಪಕ್ಕದಲ್ಲಿ ಇದನ್ನಿಟ್ಟರೆ ಹೆಚ್ಚಿಗೆ ವಿವರಣೆಯ ಫಲಕ ಬೇಡ. ವೀರಗಲ್ಲು ಮಾಡಿಸಿದವನಿಗೆ ವೀರನಿಂದ ಇನ್ನೇನೂ ಬರಬೇಕಾದ್ದಿಲ್ಲ. ರೂವಾರಿಯೂ ಅದನ್ನು ಅರಿತು, ಎಲ್ಲರಿಗೂ ಒಪ್ಪಿತವಾದ ಮೂರು ಪಟ್ಟಿಕೆಯೊಳಗೆ ನಿಂತು, ಎಲ್ಲಿ ಸ್ವಾತಂತ್ರ್ಯವಿದೆಯೋ ಅಷ್ಟರಲ್ಲಿ, ಅಂದರೆ ಕೆಳಗಿನ ಒಂದು ಪಟ್ಟಿಕೆಯಲ್ಲಿ ಮಾತ್ರ ತನ್ನ ಕೈಚಳಕ ತೋರಿದ. ಅಪ್ಸರೆಯರು ಎಲ್ಲ ಕಲ್ಲುಗಳಲ್ಲೂ ಒಂದೇ ಥರ. ಲಿಂಗ ಒಂದೇ ಥರ. ಸತ್ತ ಬಗೆ ಮಾತ್ರ ಒಬ್ಬೊಬ್ಬನದು ಒಂದೊಂದು.

ಹಳೇ ಗೋವೆಯ ಮಠಕ್ಕೆ ಹೋದವರು ಮೇಲಂತಸ್ತಿಗೆ ಹೋಗದೆ ಬರಬಾರದು. ವೈಸರಾಯ್‌ಗಳ ಚಿತ್ರಸಾಲೆಯನ್ನು ಶುರು ಮಾಡಿಸಿದವನು ಜೊಆವ್ ಡಿ ಕಾಸ್ಟ್ರೊ, 1547ರಲ್ಲಿ. ಅದರ ಹಿಂದಿನ ವರ್ಷ ದೀವ್ ಕೋಟೆಯ ಮುತ್ತಿಗೆ ಮುರಿದು ಗೆದ್ದು ಬಂದಿದ್ದ. ತನಗಿಂತ ಮುಂಚಿನ ಎಲ್ಲರ ಚಿತ್ರವೂ ಇರಲಿ ಎಂದ. ಅವರಲ್ಲಿ ಹಲವರನ್ನು ಕಣ್ಣಾರೆ ಕಂಡಿದ್ದ ಇತಿಹಾಸಕಾರ ಗಾಸ್ಪರ್ ಕೊರೆಯ ನಿಂತು ಮಾಡಿಸಿದ. ಬಣ್ಣ ಹಚ್ಚಿದ್ದು ಇಲ್ಲಿಯ ಒಬ್ಬ ಚಿತ್ರಗಾರ. ಅವನ ಹೆಸರನ್ನು ಕೊರೆಯ ದಾಖಲಿಸಲಿಲ್ಲ. ಶತಮಾನಗಳುದ್ದಕ್ಕೂ ಸೇರುತ್ತ ಹೋದ ಈ ಚಿತ್ರಗಳ ಮೇಲೆ ಮತ್ತೆ ಮತ್ತೆ ಬಣ್ಣ ಬಳಿದು, ಮೊದಲಿನ ಕೈ ಎಲ್ಲಿ, ಆಮೇಲಿನದು ಎಲ್ಲಿ ಎಂದು ಬಿಡಿಸಲು ತಜ್ಞರೇ ಬೇಕಾಯಿತು. ಒಬ್ಬೊಬ್ಬನೂ ಉಡುಪು, ಕತ್ತಿ, ವಂಶಲಾಂಛನ ಸಮೇತ ನಿಂತಿದ್ದಾನೆ. ಯುದ್ಧ ಮಾಡಿದವರ ಇಷ್ಟು ಚಿತ್ರಗಳಿದ್ದೂ ಯುದ್ಧ ಕಾಣಿಸುವುದಿಲ್ಲ. ಕಸುಬಿನ ದೃಷ್ಟಿಯಿಂದ ಬಟ್ಟೆಯ ಮಡಿಕೆ, ಲೋಹದ ಹೊಳಪು ಚೆನ್ನ. ಅದಕ್ಕಿಂತ ಹೆಚ್ಚು ಹೊತ್ತು ನನ್ನನ್ನು ಅವು ಹಿಡಿದಿಡಲಿಲ್ಲ.

ಸಾಲಿನಲ್ಲಿ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ಡಿ ಅಲ್ಮೇಡ ಇದ್ದಾನೆ. ಕಾರವಾರದವರು ಅವನ ಮುಂದೆ ಒಂದು ಗಳಿಗೆ ನಿಲ್ಲಬಹುದು. 1505ರಲ್ಲಿ ಅವನು ನಮ್ಮ ಎದುರಿನ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿದ, ಮರುವರ್ಷವೇ ಅದನ್ನು ಕೆಡವಿಸಿದರು. 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯ ಹೊತ್ತಿಗೆ ಮೈಸೂರು ಮತ್ತು ತ್ರಿಶೂಲ ಎಂಬ ಹಡಗುಗಳಿಂದ ನಮ್ಮ ನಾವಿಕರು ಅದೇ ದ್ವೀಪದ ಮೇಲೆ ಇಳಿದರು. ಏಳು ಮಂದಿ ಸತ್ತರು. ಇವತ್ತು ಆ ದ್ವೀಪ ಐಎನ್‌ಎಸ್ ಕದಂಬದ ತಡೆಗೋಡೆಗೆ ಸೇರಿಹೋಗಿದೆ.

ಕೆಳಗಿನ ಕಲ್ಲುಗಳನ್ನು ನೋಡಲು ಒಂದು ಕಿವಿಮಾತು. ಎದುರಿನಿಂದ ಬೆಳಕು ಬಿದ್ದರೆ ಸವೆದ ಉಬ್ಬುಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ, ಅಕ್ಷರ ಮಾಯವಾಗುತ್ತದೆ. ಪಕ್ಕದಿಂದ ಬೆಳಕು ಬರುವ ಜಾಗ ಹುಡುಕಿ ನಿಲ್ಲಬೇಕು, ಇಲ್ಲವೇ ತಲೆಯನ್ನು ಕಲ್ಲಿನ ಅಂಚಿನ ಮಟ್ಟಕ್ಕೆ ತಂದು ಓರೆಯಾಗಿ ನೋಡಬೇಕು. ಊರಿನ ಬಯಲಲ್ಲಿರುವ ಕಲ್ಲಾದರೆ ಬೆಳಿಗ್ಗೆ ಅಥವಾ ಸಂಜೆಯ ಬಿಸಿಲಿಗೆ ಹೋಗಿ. ಅಕ್ಷರ ಎದ್ದುಬರಲಿ ಎಂದು ಸೀಮೆಸುಣ್ಣ ತಿಕ್ಕುವ ಚಟ ಕೆಲವರಿಗಿದೆ. ಅದು ಕಲ್ಲಿಗೆ ಒಳ್ಳೆಯದಲ್ಲ.

ಹಡಗಿನ ಕಲ್ಲುಗಳನ್ನು ನೋಡಿದವರಿಗೆ ಕಡೆಗೊಂದು ಸಂದೇಹ ಬರುವುದು ಸಹಜ. ಶಿಲ್ಪಿ, ಚಿತ್ರಗಾರ ಕೆತ್ತಿದ, ಬರೆದ ಹಡಗನ್ನು ನಂಬಿ ನಿಜವಾದ ಹಡಗು ಕಟ್ಟಬಹುದೇ? ಈ ಪ್ರಶ್ನೆಗೆ ಉತ್ತರ ಕಾರವಾರದಲ್ಲೇ ಸಿಕ್ಕಿತು. 2025ರ ಮೇ 21ರಂದು ಇಲ್ಲಿಯ ನೌಕಾನೆಲೆಯಲ್ಲಿ ಕೌಂಡಿನ್ಯ ಎಂಬ ಹಾಯಿಹಡಗನ್ನು ನೌಕಾಪಡೆಗೆ ಸೇರಿಸಿಕೊಂಡರು. ಐದನೆಯ ಶತಮಾನದ ಅಜಂತಾ ಚಿತ್ರದಲ್ಲಿರುವ ಒಂದು ಹಡಗೇ ಅದಕ್ಕೆ ಆಧಾರ. ಕಟ್ಟಿದ್ದು ಗೋವೆಯ ದಿವಾಡಿ ದ್ವೀಪದಲ್ಲಿ, ಹಳೇ ಗೋವೆಯಿಂದ ಮಾಂಡವಿ ನದಿ ದಾಟಿದರೆ ಸಿಗುವ ಜಾಗ. ಕೇರಳದ ಬಾಬು ಶಂಕರನ್ ಎಂಬ ಹಿರಿಯ ಕಸುಬುದಾರರ ಮುಂದಾಳತ್ವದಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಸಂದುಗಳಿಗೆ ನಾರು ತುಂಬಿ, ರಾಳ ಮೆತ್ತಿದರು. ಹೀಗೆ ಹೊಲಿದ ದೋಣಿಗಳು ನಮ್ಮ ಕರಾವಳಿಗೆ ಹೊಸದಲ್ಲ.

ಚಿತ್ರದಿಂದ ಹಡಗಿಗೆ ಬರುವ ದಾರಿ ಸುಲಭವಿರಲಿಲ್ಲ. ಅಜಂತಾದ ಚಿತ್ರಗಾರ ಹಡಗಿನ ಹೊರಮೈ, ಹಾಯಿ, ಪಕ್ಕಕ್ಕೆ ಇಳಿಬಿಟ್ಟ ಚುಕ್ಕಾಣಿ ಹುಟ್ಟು ತೋರಿಸಿದ್ದ. ಒಳಗಿನ ಅಡ್ಡಪಟ್ಟಿ, ತಳದ ಆಕಾರ, ಹಲಗೆಯ ದಪ್ಪ ಅವನ ಗೊಡವೆಯಲ್ಲ. ಇವೆಲ್ಲವನ್ನೂ ಕಸುಬುದಾರರೂ ನೌಕಾಪಡೆಯ ಎಂಜಿನಿಯರುಗಳೂ ಊಹಿಸಿ, ಮದರಾಸಿನ ಐಐಟಿಯಲ್ಲಿ ಮಾದರಿಯನ್ನು ನೀರಿಗಿಳಿಸಿ ಪರೀಕ್ಷಿಸಿ ತುಂಬಿಕೊಂಡರು. ಹಾಯಿಯ ಮೇಲೆ ಗಂಡಭೇರುಂಡ ಮತ್ತು ಸೂರ್ಯನನ್ನು ಬಿಡಿಸಿದರು. ಆ ಹಡಗು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಒಮಾನಿನ ಮಸ್ಕತ್ತಿಗೆ ಹೊರಟಿತು. ವೀರಗಲ್ಲಿನ ರೂವಾರಿಗೂ ಅಜಂತಾದವನಿಗೂ ಹಡಗಿನ ಒಳಗು ಬೇಕಿರಲಿಲ್ಲ. ಆದರೆ ಅಜಂತಾದವನು ಬಿಟ್ಟ ಒಂದನ್ನು ಕೊಂಕಣದ ಕಲ್ಲುಗಳು ಇಟ್ಟುಕೊಂಡಿವೆ: ಹಡಗಿನ ಪಕ್ಕಕ್ಕೆ ಎಷ್ಟು ಹುಟ್ಟು, ಆಳುಗಳು ಎಷ್ಟು ಒತ್ತಾಗಿ ಕೂರುತ್ತಿದ್ದರು, ಅವರ ತಲೆಯ ಮೇಲೆ ಬಿಲ್ಲಾಳು ಎಲ್ಲಿ ನಿಲ್ಲುತ್ತಿದ್ದ. ದಿವಾಡಿಯ ಕಸುಬುದಾರರು ಮುಂದೆಂದಾದರೂ ಯುದ್ಧದ ಹಡಗು ಹೊಲಿಯಲು ಕೂತರೆ, ಅಳತೆಪಟ್ಟಿ ಹಿಡಿದು ನದಿ ದಾಟಿ ಈ ಮಠಕ್ಕೆ ಬರಬೇಕಾಗುತ್ತದೆ.